ಬಾಲ್ಸಾ ಹಾಳೆಗೆ ಒಂದೇ ಏಟು ಬೇಡ

ಸಂಪಾದಕರಿಗೆ,

ಮಾನ್ಯರೇ,

ರಬ್ಬರ್ ತಿರುಚಿ ಕೋಣೆಯೊಳಗೆ ಹಾರಿಸುವ ಪುಟ್ಟ ವಿಮಾನದ ಬಗ್ಗೆ ನಿಮ್ಮ ಮಕ್ಕಳ ಪುಟದಲ್ಲಿ ಬಂದ ಟಿಪ್ಪಣಿ ಕಂಡು ಸಂತೋಷವಾಯಿತು. ಬೇಸಿಗೆ ರಜೆಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಆದರೆ ಬಾಲ್ಸಾ ಎಂಬ ಹಗುರ ಮರದ ತೆಳು ಹಾಳೆಯನ್ನು ಕತ್ತರಿಸುವುದಕ್ಕೆ ಅದರಲ್ಲಿ ಇದ್ದದ್ದು ಒಂದೇ ಸಾಲು: ಕಟ್ಟರ್ ಹಿಡಿದು ಗಟ್ಟಿಯಾಗಿ ಒತ್ತಿ ಒಂದೇ ಏಟಿಗೆ ಕತ್ತರಿಸಬೇಕು ಎಂದು. ಆ ಸಾಲು ತಪ್ಪು. ಅದನ್ನು ನಂಬಿದ ಮಗುವಿನ ಕೈಗೆ ಸಿಗುವುದು ಹಲ್ಲು ಹಲ್ಲಾದ ಅಂಚು, ಅರ್ಧಕ್ಕೆ ಸೀಳಿ ಓಡಿದ ಪಟ್ಟಿ. ಮಗು ತನಗೆ ಕೈಕೆಲಸ ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತದೆ. ಹೊರದೇಶದಿಂದ ಬರುವ ದುಬಾರಿ ಮರ ಕಸದ ಬುಟ್ಟಿ ಸೇರುತ್ತದೆ. ತಿದ್ದುಪಡಿಯ ಒಂದು ಸಾಲಿನಿಂದ ಇದು ಸರಿಹೋಗುವುದಿಲ್ಲವಾದ್ದರಿಂದ ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ಬಾಲ್ಸಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ. ಮಾರಾಟಕ್ಕೆ ಬರುವುದರಲ್ಲಿ ಬಹುಪಾಲು ಈಕ್ವೆಡಾರ್‌ನದು. ನಮ್ಮ ಬೂರುಗ, ಹತ್ತಿ, ಬೆಂಡೆ ಎಲ್ಲ ಸೇರಿರುವ ಕುಟುಂಬಕ್ಕೇ ಇದೂ ಸೇರಿದ್ದು. ಬಹಳ ಬೇಗ ಬೆಳೆಯುವ ಮರ. ಹಾಗಾಗಿ ಒಳಗಿನ ಕೋಶಗಳು ದೊಡ್ಡವು, ಅವುಗಳ ಗೋಡೆ ತೆಳು. ಹಸಿಯಾಗಿದ್ದಾಗ ನೀರು ತುಂಬಿದ್ದ ಆ ಕೋಶಗಳಲ್ಲಿ ಒಣಗಿದ ಮೇಲೆ ಗಾಳಿಯಷ್ಟೇ ಉಳಿದಿರುತ್ತದೆ. ಇಂಥ ಮರದ ಮೇಲೆ ದಪ್ಪ ಅಲಗು ಒತ್ತಿದರೆ ಕೋಶಗಳು ಕತ್ತರಿಸುವ ಮೊದಲೇ ಕುಸಿಯುತ್ತವೆ, ಮೊಂಡು ಈಳಿಗೆಯಲ್ಲಿ ಮಾಗಿದ ಟೊಮೆಟೊ ಹೆಚ್ಚಿದ ಹಾಗೆ.

ಕಟ್ಟರ್‌ನ ಸಣ್ಣ ಅಲಗು ಸುಮಾರು 0.4 ಮಿ.ಮೀ. ದಪ್ಪ, ದೊಡ್ಡದು 0.5 ಮಿ.ಮೀ. ಕ್ಷೌರಕ್ಕೆ ಬಳಸುವ, ಎರಡೂ ಕಡೆ ಹರಿತವಿರುವ ಬ್ಲೇಡು 0.1 ಮಿ.ಮೀ. ಮಾತ್ರ. ಹಾಳೆಯೇ 0.8 ಮಿ.ಮೀ. ಇರುವಾಗ ಅದರೊಳಗೆ 0.4 ಮಿ.ಮೀ.ನ ಅಲಗನ್ನು ನುಗ್ಗಿಸುವುದು ಕತ್ತರಿಸುವ ಕೆಲಸವಲ್ಲ, ಬೆಣೆ ಹೊಡೆಯುವ ಕೆಲಸ. ಆದ್ದರಿಂದ 1.6 ಮಿ.ಮೀ.ವರೆಗಿನ ಹಾಳೆಗೆ ಕ್ಷೌರದ ಬ್ಲೇಡನ್ನೇ ಬಳಸಬೇಕು. ಕಟ್ಟರ್ ಏನಿದ್ದರೂ 3 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಹಲಗೆಗೆ.

ಬ್ಲೇಡನ್ನು ಕಾಗದದ ಹೊದಿಕೆ ಬಿಚ್ಚದೆಯೇ ಉದ್ದಕ್ಕೆ ಮಡಚಿ ಎರಡು ಹೋಳು ಮಾಡಬೇಕು. ಸಲೂನ್‌ಗಳಲ್ಲಿ ದಿನವೂ ನಡೆಯುವ ಕೆಲಸ ಇದು, ಆದರೆ ಮಕ್ಕಳಿಗೆ ಬಿಡಬಾರದು, ದೊಡ್ಡವರೇ ಮುರಿದು ಕೊಡಬೇಕು. ಅರ್ಧ ಬ್ಲೇಡನ್ನು ಎರಡು ಐಸ್‌ಕ್ರೀಮ್ ಕಡ್ಡಿಗಳ ನಡುವೆ ಇಟ್ಟು, ಒಂದು ಮೂಲೆ ಮಾತ್ರ ಹೊರಗೆ ಬರುವಂತೆ ಬಿಗಿಯಾಗಿ ದಾರ ಸುತ್ತಿದರೆ ಒಳ್ಳೆಯ ಹಿಡಿ ಆಗುತ್ತದೆ. ಹೊರಗೆ ಚಾಚುವುದು 5 ಮಿ.ಮೀ. ಮೀರಬಾರದು. ಮೀರಿದರೆ ಬ್ಲೇಡು ಬಾಗುತ್ತದೆ, ಗೆರೆ ಅಲೆಯುತ್ತದೆ. ಏಳನೇ ತರಗತಿಗಿಂತ ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಅವರಿಗೆ ಉಪ್ಪುಕಾಗದ ತಿಕ್ಕುವ, ತೂಗುವ, ಅಂಟಿಸುವ ಕೆಲಸ ಬೇಕಾದಷ್ಟಿದೆ.

ಕೆಳಗೆ ಏನು ಹಾಸುತ್ತೇವೆ ಎಂಬುದೂ ಮುಖ್ಯ. ಅಂಗಡಿಯಲ್ಲಿ ಸಿಗುವ ಹಸಿರು ಕಟಿಂಗ್ ಮ್ಯಾಟ್ ಕಾಗದಕ್ಕೆ ಚೆನ್ನ, ತೆಳು ಬಾಲ್ಸಾಕ್ಕೆ ಮೆತ್ತಗಾಯಿತು. ಒತ್ತಡಕ್ಕೆ ಹಾಳೆ ತಗ್ಗಿ, ಕೆಳಮುಖದ ಅಂಚು ಕಿತ್ತು ಸಿಬಿರೇಳುತ್ತದೆ. ಬರೀ ಗಾಜಿನ ಮೇಲೆ ಅಂಚು ಸ್ವಚ್ಛವಾಗಿ ಬರುತ್ತದೆ, ಆದರೆ ಬ್ಲೇಡಿನ ತುದಿ ಬೇಗ ಮೊಂಡಾಗುತ್ತದೆ. ಫೋಟೊ ಫ್ರೇಮ್ ಅಂಗಡಿಯಲ್ಲಿ ಅಂಚು ಉಜ್ಜಿಸಿ ತಂದ 5 ಮಿ.ಮೀ. ಗಾಜು, ಅದರ ಮೇಲೆ ಒಂದು ಡ್ರಾಯಿಂಗ್ ಷೀಟ್ ಹಾಸಿಕೊಂಡರೆ ಎರಡೂ ತೊಂದರೆ ತಪ್ಪುತ್ತವೆ. ಸ್ಟೀಲ್ ಸ್ಕೇಲಿನ ಅಡಿಗೆ 320 ನಂಬರಿನ ಉಪ್ಪುಕಾಗದದ ಸಣ್ಣ ಪಟ್ಟಿಯನ್ನು ಡಬಲ್ ಟೇಪಿನಿಂದ ಅಂಟಿಸಿ. ಬಾಲ್ಸಾದ ಮೇಲೆ ನುಣುಪು ಸ್ಕೇಲು ಜಾರುವಷ್ಟು ಬೇರೆಲ್ಲೂ ಜಾರುವುದಿಲ್ಲ.

ಕತ್ತರಿಸುವ ಮೊದಲು ತೂಗಬೇಕು. ಇದನ್ನು ಬಿಟ್ಟವರೇ ಹೆಚ್ಚು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು, ಮೈಸೂರಿನ ಅಶೋಕ ರಸ್ತೆಯ ಚಿನ್ನದ ಅಂಗಡಿಗಳಲ್ಲಿ ಕಾಣುವಂಥದ್ದು. 1 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, 1000 ಮಿ.ಮೀ. ಉದ್ದದ ಹಾಳೆ ಎಷ್ಟು ಗ್ರಾಂ ತೂಗುತ್ತದೋ ಅದಕ್ಕೆ ಒಂದು ಸೊನ್ನೆ ಸೇರಿಸಿದರೆ ಘನ ಮೀಟರಿಗೆ ಎಷ್ಟು ಕಿಲೊ ಎಂಬ ಸಾಂದ್ರತೆ ಸಿಗುತ್ತದೆ. 1.6 × 75 × 900 ಮಿ.ಮೀ. ಹಾಳೆಯ ಗಾತ್ರ 108 ಘನ ಸೆಂ.ಮೀ., ಅದು 10.8 ಗ್ರಾಂ ತೂಗಿದರೆ ಸಾಂದ್ರತೆ 100. ಒಂದೇ ಕಟ್ಟಿನೊಳಗೆ 9 ಗ್ರಾಂನ ಹಾಳೆಯೂ 18 ಗ್ರಾಂನ ಹಾಳೆಯೂ ಇರಬಹುದು, ನೋಡುವ ಕಣ್ಣಿಗೆ ಎರಡೂ ಒಂದೇ.

ಇದರಿಂದ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕಲಿಯುವವರಿಗೆ ಒಳ್ಳೆಯ ಅಳತೆ 18 ಇಂಚು ರೆಕ್ಕೆಯ, ಪೆನ್ನಿಪ್ಲೇನ್ ಎಂಬ ವರ್ಗದ ವಿಮಾನ. ರಬ್ಬರ್ ಬಿಟ್ಟು ಅದರ ಕನಿಷ್ಠ ತೂಕ 3.1 ಗ್ರಾಂ, ಅಂದರೆ ಅಮೆರಿಕದ ಹಳೆಯ ತಾಮ್ರದ ಒಂದು ಸೆಂಟ್ ನಾಣ್ಯದ, ಅಂದರೆ ಪೆನ್ನಿಯ ತೂಕ, ಹೆಸರು ಬಂದದ್ದೂ ಅದರಿಂದಲೇ. ಅದರ ರೆಕ್ಕೆಗೆ 1.6 × 2.4 ಮಿ.ಮೀ.ನ ಎರಡು ಉದ್ದ ಪಟ್ಟಿಗಳು ಬೇಕು, ಸ್ಪಾರ್ ಅನ್ನುತ್ತೇವೆ. ಸಾಂದ್ರತೆ 100ರ ಮರದಲ್ಲಿ ಅವೆರಡೂ ಸೇರಿ 0.35 ಗ್ರಾಂ. 160ರ ಮರದಲ್ಲಿ 0.56 ಗ್ರಾಂ. ಇಡೀ ವಿಮಾನವೇ 3.1 ಗ್ರಾಂ ಇರುವಾಗ ಎರಡು ಕಡ್ಡಿಗಳಲ್ಲೇ 0.21 ಗ್ರಾಂ ಏರಿತು. ತೂಕ 10% ಹೆಚ್ಚಾದರೆ ಸಮತಟ್ಟಾಗಿ ಹಾರಲು ಬೇಕಾಗುವ ಶಕ್ತಿ ಸುಮಾರು 15% ಹೆಚ್ಚುತ್ತದೆ, ಆ ಶಕ್ತಿಯೆಲ್ಲ ತಿರುಚಿದ ರಬ್ಬರಿನಿಂದಲೇ ಬರಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಳ ಎಫ್1ಡಿ ಎಂಬ ಒಳಾಂಗಣ ವರ್ಗದಲ್ಲಂತೂ 55 ಸೆಂ.ಮೀ. ರೆಕ್ಕೆಯ ವಿಮಾನಕ್ಕೆ ಕನಿಷ್ಠ ತೂಕ 1.4 ಗ್ರಾಂ, ರಬ್ಬರ್ ಹೆಚ್ಚೆಂದರೆ 0.4 ಗ್ರಾಂ. ಅಲ್ಲಿಗೆ ಹೋಗುವ ಆಸೆ ಇರುವ ಮಗು ಮೊದಲ ದಿನದಿಂದಲೇ ತೂಗಲು ಕಲಿಯಲಿ.

ಹಗುರವಾದಷ್ಟೂ ಒಳ್ಳೆಯದು ಎಂದಲ್ಲ. 70ಕ್ಕಿಂತ ಕೆಳಗಿನ ಮರ ಉಗುರು ತಾಗಿದರೆ ತಗ್ಗುತ್ತದೆ, ಸ್ಪಾರ್‌ಗೆ ಆಗದು. ಸ್ಪಾರ್‌ಗೆ 100ರ ಆಸುಪಾಸು, ರೆಕ್ಕೆಗೆ ಅಡ್ಡಲಾಗಿ ಕೂರುವ ಬಾಗಿದ ಕಡ್ಡಿಗೆ, ಅಂದರೆ ರಿಬ್‌ಗೆ 80 ಇಟ್ಟುಕೊಳ್ಳಿ. ಅಳತೆ ಬಿಗಿಯಾಗಿರಬೇಕು ಎನ್ನಲು ಇನ್ನೊಂದು ಕಾರಣವಿದೆ. ಪಟ್ಟಿಯ ಬಿಗಿತ ಅದರ ಎತ್ತರದ ಘನದಂತೆ ಬದಲಾಗುತ್ತದೆ. 2.4 ಮಿ.ಮೀ. ಇರಬೇಕಾದದ್ದು 2.2 ಆದರೆ ತೂಕ ಉಳಿಯುವುದು 8%, ಬಿಗಿತ ಹೋಗುವುದು 23%. ಒಂದು ಕಡೆಯ ರೆಕ್ಕೆಗೆ ಹಾಗಾಗಿ ಇನ್ನೊಂದು ಕಡೆಗೆ ಆಗದಿದ್ದರೆ, ಹಾರುವಾಗ ಒಂದು ರೆಕ್ಕೆ ಹೆಚ್ಚು ಬಾಗಿ ವಿಮಾನ ಆ ಬದಿಗೆ ವಾಲಿ ಸುರುಳಿ ಸುತ್ತುತ್ತಾ ಇಳಿಯುತ್ತದೆ. ಮಕ್ಕಳು ಆಗ ಬಾಲವನ್ನು ತಿರುಚಿ ಸರಿಪಡಿಸಲು ನೋಡುತ್ತಾರೆ. ಬಾಲದಲ್ಲಿ ದೋಷವೇ ಇರುವುದಿಲ್ಲ.

ಇನ್ನು ಮರದ ಎಳೆ, ಅಂದರೆ ಅದರ ನಾರಿನ ಓಟ. ಹಾಳೆಯ ಮೇಲೆ ಉದ್ದುದ್ದ ಕಂದು ಗೆರೆಗಳಷ್ಟೇ ಕಂಡು, ಅಗಲಕ್ಕೆ ಬಾಗಿಸಿದಾಗ ಸಲೀಸಾಗಿ ಕೊಳವೆಯಂತೆ ಸುತ್ತಿಕೊಂಡರೆ ಅದು ಎ ಎಳೆ. ಮೀನಿನ ಹುರುಪೆಯಂತೆ ಹೊಳೆಯುವ ಚುಕ್ಕಿಗಳಿದ್ದು, ಅಗಲಕ್ಕೆ ಬಾಗಿಸಲು ಹೋದರೆ ಪಟ್ಟನೆ ಸೀಳುವುದು ಸಿ ಎಳೆ. ಎರಡರ ನಡುವಿನದು ಬಿ. ಬಿಸಿನೀರಿನಲ್ಲಿ ನೆನೆಸಿ ಸರಳಿಗೆ ಸುತ್ತಿ ಕೊಳವೆ ಮಾಡುವುದಕ್ಕೆ ಎ, ರಿಬ್ ಮತ್ತು ಪ್ರೊಪೆಲರ್ ರೆಕ್ಕೆಗೆ ಸಿ. ಅದಲು ಬದಲಾದರೆ ಕೊಳವೆ ಸೀಳುತ್ತದೆ, ರಿಬ್ ಸೊಟ್ಟಗಾಗುತ್ತದೆ.

ಎಳೆ ಯಾವಾಗಲೂ ಹಾಳೆಯ ಅಂಚಿಗೆ ಸಮಾಂತರವಾಗಿ ಓಡುವುದಿಲ್ಲ. ಇದನ್ನು ಗಮನಿಸದೆ ಅಂಚು ಹಿಡಿದು ಪಟ್ಟಿ ಕತ್ತರಿಸಿದರೆ ಎಳೆ ಪಟ್ಟಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದು ಹೊರಗೆ ಹೋಗುತ್ತದೆ. ಸ್ಪಾರ್ ಮುರಿಯುವುದು ಸರಿಯಾಗಿ ಅಲ್ಲೇ, ಓರೆಯಾಗಿ. ಪರಿಹಾರ ಸುಲಭ. ಹಾಳೆಯ ತುದಿಯಲ್ಲಿ ಅಂಚಿನಿಂದ 3 ಮಿ.ಮೀ. ಒಳಗೆ ಬ್ಲೇಡಿನಿಂದ ಸ್ವಲ್ಪ ಸೀಳಿ, ಕಬ್ಬಿನ ಸಿಪ್ಪೆ ಸುಲಿದಂತೆ ಆ ಎಸಳನ್ನು ಮೆಲ್ಲಗೆ ಎಳೆಯಿರಿ. ಎಳೆ ಹೋದ ಹಾದಿಯಲ್ಲೇ ಅದು ಬಿಟ್ಟುಕೊಂಡು ಬರುತ್ತದೆ. ಆ ಹಾದಿಗೆ ಸ್ಕೇಲ್ ಹೊಂದಿಸಿ ಹೊಸ ಅಂಚು ಕತ್ತರಿಸಿ, ಉಪ್ಪುಕಾಗದ ಅಂಟಿಸಿದ ನೇರ ಮರದ ತುಂಡಿನಿಂದ ಒಂದೆರಡು ಸಲ ತಿಕ್ಕಿ ನೇರ ಮಾಡಿ. ಪಟ್ಟಿಗಳನ್ನು ತೆಗೆಯಬೇಕಾದದ್ದು ಈ ಅಂಚಿನಿಂದ.

ಈಗ ಆ ಏಟಿನ ಪ್ರಶ್ನೆ. 2.4 ಮಿ.ಮೀ. ಗುರುತನ್ನು ಹಾಳೆಯ ಎರಡೂ ತುದಿಯಲ್ಲಿ ಸಣ್ಣ ಸೂಜಿಯಿಂದ ಚುಚ್ಚಿ, ಸೂಜಿಗಳನ್ನು ಅಲ್ಲೇ ನಿಲ್ಲಿಸಿ, ಸ್ಕೇಲನ್ನು ಅವುಗಳಿಗೆ ತಾಗಿಸಿ ಇಡಿ, ಸ್ಕೇಲು ಕೂರುವುದು ಹಾಳೆಯ ಕಡೆಗೆ. ಬ್ಲೇಡನ್ನು ಹಾಳೆಗೆ ಸುಮಾರು 30 ಡಿಗ್ರಿ ಮಲಗಿಸಿ ಹಿಡಿಯಬೇಕು, ಬದಿಗೆ ಮಾತ್ರ ವಾಲಬಾರದು. ಮೊದಲ ಗೀರು ಬ್ಲೇಡಿನ ತೂಕದಷ್ಟೇ ಹಗುರವಾಗಿರಲಿ, ಅದು ದಾರಿ ತೋರಿಸುವುದಕ್ಕೆ. ಎರಡನೆಯದು ಅರ್ಧದಷ್ಟು ಆಳಕ್ಕೆ. ಮೂರನೆಯದರಲ್ಲಿ 0.8 ಮಿ.ಮೀ. ಹಾಳೆ ಬಿಟ್ಟುಕೊಳ್ಳುತ್ತದೆ, 1.6 ಮಿ.ಮೀ. ಆದರೆ ನಾಲ್ಕೋ ಐದೋ ಬೇಕು. ಪ್ರತಿ ಗೀರೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಲ್ಲದೆ ಹೋಗಬೇಕು, ನಡುವೆ ನಿಂತ ಜಾಗದಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ತುದಿ ತಲುಪುವ ಕೊನೆಯ ಒಂದು ಸೆಂ.ಮೀ.ನಲ್ಲಿ ಮರ ತಾನಾಗಿ ಸೀಳಿ ಹಾರುವುದರಿಂದ, ಮೊದಲೇ ಆ ತುದಿಯಿಂದ ಒಳಕ್ಕೆ ಒಂದು ಸಣ್ಣ ಗೀರು ಹಾಕಿಟ್ಟುಕೊಳ್ಳಿ.

ಬ್ಲೇಡು ಎಳೆಯ ಹಿಂದೆ ಓಡಲು ನೋಡುತ್ತದೆ. ಆದ್ದರಿಂದ ನೀವು ಎಳೆಯುವ ದಿಕ್ಕಿನಲ್ಲಿ ಎಳೆಗಳು ಸ್ಕೇಲಿನ ಕಡೆಗೆ ವಾಲಿರಬೇಕು. ಆಗ ಬ್ಲೇಡು ಸ್ಕೇಲಿಗೆ ಒತ್ತಿಕೊಂಡೇ ಸಾಗುತ್ತದೆ, ಉಕ್ಕನ್ನು ದಾಟಲಾರದು. ಎಳೆ ಸ್ಕೇಲಿನಿಂದ ದೂರ ವಾಲಿದ್ದರೆ ಬ್ಲೇಡು ಪಟ್ಟಿಯೊಳಗೆ ನುಗ್ಗಿ ಅದನ್ನು ಸಣ್ಣ ಮಾಡುತ್ತದೆ. ಇಲ್ಲಿ ತುಂಬ ಜನ ಎಡವುತ್ತಾರೆ: ಎಳೆ ತಪ್ಪು ಕಡೆಗಿದೆ ಎಂದು ಗೊತ್ತಾದಾಗ ಹಾಳೆಯನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸುತ್ತಾರೆ. ಅದರಿಂದ ಏನೂ ಬದಲಾಗುವುದಿಲ್ಲ, ಓರೆ ಹಾಗೆಯೇ ಇರುತ್ತದೆ. ಹಾಳೆಯನ್ನು ದೋಸೆಯಂತೆ ಮಗುಚಿ ಹಾಕಬೇಕು, ಇಲ್ಲವೇ ಎದುರು ತುದಿಯಿಂದ ಕತ್ತರಿಸಬೇಕು.

ಹತ್ತಾರು ಪಟ್ಟಿ ಬೇಕಾದಾಗ ಸ್ಕೇಲಿಗಿಂತ ಒಂದು ಸರಳ ಉಪಕರಣ ವಾಸಿ. ಗಟ್ಟಿ ಮರದ ತುಂಡಿಗೆ ಅರ್ಧ ಬ್ಲೇಡನ್ನು ಬಿಗಿದು, ಅಡಿಯಿಂದ 2 ಮಿ.ಮೀ. ಹೊರಬಿಡಿ. ಪಕ್ಕದಲ್ಲಿ ಹಾಳೆಯ ಅಂಚಿಗೆ ತಾಗಿ ಓಡುವ ಒಂದು ಪಟ್ಟಿಯನ್ನು 3 ಮಿ.ಮೀ. ದಪ್ಪದ ಎಂ3 ಸ್ಕ್ರೂನಿಂದ ಕೂರಿಸಿ. ಎಂ3 ಸ್ಕ್ರೂ ಒಂದು ಸುತ್ತಿಗೆ 0.5 ಮಿ.ಮೀ. ಸರಿಯುತ್ತದೆ, ಕಾಲು ಸುತ್ತಿಗೆ 0.125, ಇಷ್ಟು ಸೂಕ್ಷ್ಮ ಸಾಕು. ಬ್ಲೇಡಿನ ಮುಂದಿನ ತುದಿ ಕೂದಲೆಳೆಯಷ್ಟು ಹಾಳೆಯ ಒಳಗಡೆಗೆ ತಿರುಗಿರಬೇಕು. ಆಗ ಎಳೆಯುವಾಗ ಉಪಕರಣ ತಾನೇ ಅಂಚಿಗೆ ಒತ್ತಿಕೊಳ್ಳುತ್ತದೆ. ಹೊರಕ್ಕೆ ತಿರುಗಿದ್ದರೆ ಅಂಚು ಬಿಟ್ಟು ದೂರ ಸರಿದು ಪಟ್ಟಿ ಮೊನಚಾಗುತ್ತಾ ಹೋಗುತ್ತದೆ. ಮೊದಲ ಪಟ್ಟಿಯನ್ನು ಮೂರು ಕಡೆ ಅಳೆದು ನೋಡಿ. ಅಳೆಯುವ ವರ್ನಿಯರ್ ಕ್ಯಾಲಿಪರ್‌ನ ಬಾಯಿ ಮೆತ್ತನೆ ಮರವನ್ನು ಒತ್ತಿಬಿಡುವುದರಿಂದ ಹಗುರವಾಗಿ ತಾಗಿಸಬೇಕು. ಕತ್ತರಿಸಿದ ಪಟ್ಟಿಗಳನ್ನು ಒಂದು ರಾತ್ರಿ ಬಿಡಿ. ಮರದೊಳಗಿನ ಬಿಗಿ ಸಡಿಲಿ ಕೆಲವು ಬಿಲ್ಲಿನಂತೆ ಬಾಗುತ್ತವೆ. ಬಾಗಿದ್ದನ್ನು ಅಂಟಿನಿಂದ ನೇರ ಮಾಡಲು ಹೋಗದೆ ಸಣ್ಣ ತುಂಡುಗಳಿಗೆ ಬಳಸಿ.

ರಿಬ್‌ಗೆ ಬಡಗಿಯ ಹತ್ತಿರ ಸಿಗುವ ಸನ್‌ಮೈಕಾ ಚೂರಿನಿಂದ ಅಚ್ಚು ಮಾಡಿಕೊಳ್ಳಿ. 125 ಮಿ.ಮೀ. ಉದ್ದಕ್ಕೆ ನಡುವೆ 7.5 ಮಿ.ಮೀ. ಏರು ಬೇಕಾದರೆ 264 ಮಿ.ಮೀ. ತ್ರಿಜ್ಯದ ಕಂಸ ಎಳೆದರಾಯಿತು. 0.8 ಮಿ.ಮೀ.ನ ಸಿ ಎಳೆಯ ಹಾಳೆಯ ಮೇಲೆ ಅಚ್ಚಿಟ್ಟು ಒಂದು ಸಲ ಕತ್ತರಿಸಿ, 1.5 ಮಿ.ಮೀ. ಕೆಳಗೆ ಸರಿಸಿ ಇನ್ನೊಂದು ಸಲ ಕತ್ತರಿಸಿದರೆ ಒಂದು ರಿಬ್, ತೂಕ 0.012 ಗ್ರಾಂ. ಇಲ್ಲೂ ಎಳೆಯ ನಿಯಮವೇ. ಒಂದೇ ದಿಕ್ಕಿಗೆ ಎಳೆದರೆ ಏರು ದಾಟಿ ಇಳಿಯುವಾಗ ಬ್ಲೇಡು ಅಚ್ಚು ಬಿಟ್ಟು ರಿಬ್‌ನೊಳಗೆ ಹೋಗುತ್ತದೆ. ಎರಡೂ ತುದಿಗಳಿಂದ ಆರಂಭಿಸಿ ನಡುವಿನ ಏರಿನಲ್ಲಿ ಕೂಡಿಸಿ. ಅಡ್ಡ ಕತ್ತರಿಸುವಾಗ, ಅಂದರೆ ಎಳೆಯನ್ನು ಕಡಿಯುವಾಗ, ಬ್ಲೇಡನ್ನು ಮೇಲಿನಿಂದ ಕುಟ್ಟಬೇಡಿ, ಜಾರಿಸುತ್ತಾ ಇಳಿಸಿ.

0.4 ಮಿ.ಮೀ. ಹಾಳೆ ಸಿಗದಿದ್ದರೆ 0.8ನ್ನು ತಿಕ್ಕಿ ತೆಳುವಾಗಿಸಬಹುದು. ಗಾಜಿನ ಮೇಲೆ ಹಾಳೆಯ ಒಂದು ತುದಿಗೆ ಮಾತ್ರ ಟೇಪ್ ಹಾಕಿ, ಟೇಪಿನಿಂದ ದೂರಕ್ಕೆ ಮಾತ್ರ ತಿಕ್ಕಿ. ಹಿಂದಕ್ಕೆ ತಂದರೆ ಹಾಳೆ ಮಡಿಚಿ ಮುರಿಯುತ್ತದೆ. ಎರಡು ಬದಿಗೆ 0.4 ಮಿ.ಮೀ. ಉಕ್ಕಿನ ತಂತಿ ಅಂಟಿಸಿಕೊಂಡರೆ ಉಪ್ಪುಕಾಗದದ ತುಂಡು ಆ ದಪ್ಪದಲ್ಲೇ ನಿಲ್ಲುತ್ತದೆ. ಸಂಗೀತ ವಾದ್ಯದ ಅಂಗಡಿಯಲ್ಲಿ ತಂತಿ ಸಿಗುತ್ತದೆ, ದಪ್ಪ ಅಳೆದು ತನ್ನಿ. ಮುಖವಸ್ತ್ರ ಹಾಕಿಕೊಳ್ಳಿ, ಬಾಲ್ಸಾ ಧೂಳು ಬಹಳ ಸೂಕ್ಷ್ಮ. ಮಳೆಗಾಲದಲ್ಲಿ ಮರ ತೇವ ಹೀರಿ ತೂಕ ಏರಿಸಿಕೊಳ್ಳುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಚಪ್ಪಟೆಯಾಗಿ ಮಲಗಿಸಿಡಿ, ಕತ್ತರಿಸುವ ದಿನವೇ ತೂಗಿ.

ಬಾಲ್ಸಾ ಬದಲು ಬಾಸಿಂಗ ಮಾಡುವ ಬೆಂಡು ಆಗದೇ ಎಂದು ಕೇಳುವವರಿದ್ದಾರೆ. ಬೆಂಡು ಹಗುರ ನಿಜ, ಆದರೆ ಅದರಲ್ಲಿ ಉದ್ದಕ್ಕೆ ಬಿಗಿ ಹಿಡಿಯುವ ಎಳೆ ಇಲ್ಲ, ಸ್ಪಾರ್ ಆಗಲಾರದು. ಮೈಸೂರಿನ ಊದುಬತ್ತಿಯ ಬಿದಿರುಕಡ್ಡಿ ಗಟ್ಟಿ, ಬಾಲ್ಸಾಕ್ಕಿಂತ ಹಲವು ಪಟ್ಟು ಭಾರ. ರೆಕ್ಕೆಯನ್ನು ನಿಲ್ಲಿಸುವ ಎರಡು ಸಣ್ಣ ಗೂಟಗಳಿಗೆ ಅದನ್ನು ಸೀಳಿ ಬಳಸಬಹುದು, ಅಷ್ಟೇ.

ರಜಾ ಶಿಬಿರ ನಡೆಸುವವರಿಗೂ ಒಂದು ಮಾತು. ಕೆಲವು ಕಡೆ ಲೇಸರ್‌ನಲ್ಲಿ ಕತ್ತರಿಸಿದ ಕಿಟ್ ಹಂಚಿ, ಅಂಟಿಸುವುದನ್ನಷ್ಟೇ ಮಕ್ಕಳಿಗೆ ಬಿಡುತ್ತಾರೆ. ರಿಬ್‌ಗೆ ಲೇಸರ್ ಪರವಾಗಿಲ್ಲ, ಕರಕಲಾದ ಅಂಚನ್ನು ತುಸು ತಿಕ್ಕಿದರೆ ಸಾಕು. ಸ್ಪಾರ್‌ಗೆ ಬೇಡ. ಯಂತ್ರ ಹಾಳೆಯ ಅಂಚಿಗೆ ಸಮಾಂತರವಾಗಿ ಸಾಗುತ್ತದೆ, ಎಳೆ ಎತ್ತ ಓಡುತ್ತಿದೆ ಎಂದು ನೋಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಳೆ ನೋಡಿ ಮರ ಆರಿಸುವುದು, ತೂಗುವುದು, ಒತ್ತದೆ ಕತ್ತರಿಸುವುದು ಇವೇ ಈ ಹವ್ಯಾಸದ ತಿರುಳು. ಅದನ್ನೇ ಮಕ್ಕಳಿಂದ ಕಿತ್ತುಕೊಂಡರೆ ಉಳಿಯುವುದು ಅಂಟು ಮಾತ್ರ. ಬೀಟೆ ಮರದಲ್ಲಿ ತೆಳು ಚೂರುಗಳನ್ನು ಕೊರೆದು ಕೂರಿಸುವ ಇನ್‌ಲೇ ಕೆಲಸಕ್ಕೆ ಹೆಸರಾದ ಊರು ನಮ್ಮದು. ಇಲ್ಲಿನ ಮಕ್ಕಳಿಗೆ ತೆಳು ಮರ ಕತ್ತರಿಸಲು ಬರುವುದಿಲ್ಲ ಎಂದು ಮೊದಲೇ ತೀರ್ಮಾನಿಸಬೇಡಿ. ಐದು ದಿನದ ಶಿಬಿರವಾದರೆ ಮೊದಲೆರಡು ದಿನ ಬರೀ ಪಟ್ಟಿ ಕತ್ತರಿಸಲಿ. ಪ್ರತಿ ಮಗುವೂ 450 ಮಿ.ಮೀ. ಉದ್ದದ ನಾಲ್ಕು ಪಟ್ಟಿ ತೆಗೆದು, ತೂಗಿ, ತೂಕ ಹತ್ತಿರವಿರುವ ಎರಡನ್ನು ರೆಕ್ಕೆಗೆ ಆರಿಸಿಕೊಳ್ಳಲಿ. ಹಾರಿಸಲು ಕಲ್ಯಾಣ ಮಂಟಪದಂಥ ಎತ್ತರದ ಸಭಾಂಗಣ ಬೇಕು, ಫ್ಯಾನು ನಿಲ್ಲಿಸಿ ಬಾಗಿಲು ಮುಚ್ಚಿ, ಬಿಸಿಲಿಗೆ ಛಾವಣಿ ಕಾಯುವ ಮೊದಲು, ಬೆಳಗ್ಗೆಯೇ.

ಕೊನೆಯದಾಗಿ ಬ್ಲೇಡುಗಳ ವಿಷಯ. ಗೀರಿದಾಗ ಕರಕರ ಸದ್ದು ಬಂತೆಂದರೆ ತುದಿ ಮೊಂಡಾಗಿದೆ ಎಂದರ್ಥ, ಆ ಹೋಳನ್ನು ಬದಲಿಸಬೇಕು. ಮೂವತ್ತು ಮಕ್ಕಳ ಶಿಬಿರದಲ್ಲಿ ಹೀಗೆ ನೂರಾರು ಹೋಳುಗಳಾಗುತ್ತವೆ. ಅವನ್ನು ಮರದ ಚೂರಿನ ಜೊತೆ ಗುಡಿಸಿ ಕಸಕ್ಕೆ ಹಾಕಿದರೆ ಬೆಳಗ್ಗೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳಕ್ಕೆ ಸೀಳುಗಂಡಿ ಮಾಡಿದ ತಗಡಿನ ಡಬ್ಬಿಯನ್ನು ಪ್ರತಿ ಮೇಜಿನ ಮೇಲೆ ಇಡಿ, ಶಿಬಿರ ಮುಗಿದ ಮೇಲೆ ಮುಚ್ಚಳಕ್ಕೆ ಸುತ್ತ ಟೇಪ್ ಬಿಗಿದು, ಮೇಲೆ ಬ್ಲೇಡು ಎಂದು ಕನ್ನಡದಲ್ಲಿ ದಪ್ಪಗೆ ಬರೆದು, ಗಾಡಿ ಬಂದಾಗ ಹೇಳಿ ಕೈಗೆ ಕೊಡಿ.

ಇತಿ,
ಮಾದರಿ ವಿಮಾನ ಹವ್ಯಾಸಿಗಳು,
ಮೈಸೂರು ಮತ್ತು ಮಂಡ್ಯ